ಬೇಸಾಯಶಾಸ್ತ್ರದಲ್ಲಿ ಎಂ.ಎಸ್ಸಿ., ಪಿಎಚ್.ಡಿ.: ಪ್ರವೇಶ ಪರೀಕ್ಷೆಯಿಂದ ಪ್ರಬಂಧದವರೆಗೆ ಸಮಗ್ರ ಮಾರ್ಗದರ್ಶಿ

ಬಿ.ಎಸ್ಸಿ. ಕೃಷಿ ಮುಗಿಸುತ್ತಿರುವವರಲ್ಲಿ, ಮುಂದೆ ಓದಬೇಕು, ಅದರಲ್ಲೂ ಬೇಸಾಯಶಾಸ್ತ್ರವನ್ನೇ ಓದಬೇಕು ಎಂದುಕೊಂಡವರಿಗಾಗಿ ಇದನ್ನು ಬರೆದಿದ್ದೇನೆ. ಅರ್ಜಿ ಹಾಕುವುದು ಹೇಗೆ, ಯಾವ ಪರೀಕ್ಷೆ ಬರೆಯಬೇಕು ಎಂಬುದನ್ನು ಹಾಸ್ಟೆಲಿನ ಸೀನಿಯರ್‌ಗಳು ಹೇಳುತ್ತಾರೆ. ಆದರೆ ಸೇರುವ ಮೊದಲೇ ತಿಳಿದಿರಬೇಕಾದ ಮಾತು ಇನ್ನೊಂದಿದೆ. ಕಾಲೇಜು ಸೆಮಿಸ್ಟರ್ ಲೆಕ್ಕದಲ್ಲಿ ನಡೆದರೂ ಬೇಸಾಯಶಾಸ್ತ್ರದ ಸಂಶೋಧನೆ ನಡೆಯುವುದು ಮಳೆಯ ಲೆಕ್ಕದಲ್ಲಿ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಗೆಳೆಯರು ಕೆಟ್ಟ ಪ್ರಯೋಗವನ್ನು ಮುಂದಿನ ವಾರ ಮತ್ತೆ ಮಾಡಬಹುದು. ನಿಮಗೆ ಮುಂಗಾರು ತಪ್ಪಿದರೆ ಮುಂದಿನ ಮುಂಗಾರಿನವರೆಗೆ ಕಾಯಬೇಕು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ವರ್ಷವನ್ನು ಜೋಡಿಸಿಕೊಂಡರೆ ಉಳಿದ ಕಷ್ಟಗಳೆಲ್ಲ ದಾಟುವಂಥವೇ.

ಇದು ನಿಮಗೆ ಒಗ್ಗುವ ವಿಷಯವೇ?

ತಳಿ ವಿಜ್ಞಾನಿಗಳು ಹೊಸ ರಾಗಿ ತಳಿ ಕೊಡುತ್ತಾರೆ. ಅದನ್ನು ಯಾವ ಮಳೆಗೆ ಬಿತ್ತಬೇಕು, ಸಾಲಿಂದ ಸಾಲಿಗೆ ಎಷ್ಟು ಅಂತರ ಬಿಡಬೇಕು, ಗೊಬ್ಬರ ಎಷ್ಟು ಮತ್ತು ಯಾವಾಗ ಕೊಡಬೇಕು, ಕಳೆ ಎಷ್ಟು ದಿನದೊಳಗೆ ತೆಗೆಯಬೇಕು, ನಡುವೆ ತೊಗರಿ ಅಕ್ಕಡಿ ಹಾಕಿದರೆ ಕೊನೆಗೆ ಕೈಗೆ ಎಷ್ಟು ದುಡ್ಡು ಉಳಿಯುತ್ತದೆ ಎಂದು ಹೇಳಬೇಕಾದವರು ಬೇಸಾಯಶಾಸ್ತ್ರಜ್ಞರು. ಬೆಳೆ, ಮಣ್ಣು, ನೀರು, ಹವಾಮಾನ, ಖರ್ಚು ಎಲ್ಲವೂ ಒಂದೇ ಹೊಲದಲ್ಲಿ ಸೇರುವ ಜಾಗ ಇದು. ಹಾಗಾಗಿ ಯಾವುದಾದರೂ ಒಂದರಲ್ಲಿ ಆಳವಾಗಿ ಮುಳುಗಬೇಕು ಎನ್ನುವವರಿಗೆ ಮಣ್ಣು ವಿಜ್ಞಾನವೋ ಬೆಳೆ ಶರೀರಕ್ರಿಯಾ ವಿಜ್ಞಾನವೋ ಹೆಚ್ಚು ಹಿಡಿಸಬಹುದು.

ಬಿಸಿಲಲ್ಲಿ ನಿಲ್ಲುವುದು ಅಭ್ಯಾಸವಿರಬೇಕು. ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೋಗಿ, ಹತ್ತಕ್ಕೆ ತರಗತಿಗೆ ಬಂದು, ಸಂಜೆ ಮತ್ತೆ ಹೊಲ ನೋಡುವ ದಿನಗಳು ತಿಂಗಳುಗಟ್ಟಲೆ ಇರುತ್ತವೆ. ಜೊತೆಗೆ ಸಂಖ್ಯಾಶಾಸ್ತ್ರ. ಅದನ್ನು ಕಂಡರೆ ಭಯವಿದ್ದರೂ ಪರವಾಗಿಲ್ಲ, ಕಲಿಯುವ ಮನಸ್ಸು ಬೇಕು. ಅದಿಲ್ಲದೆ ಈ ವಿಷಯದಲ್ಲಿ ಒಂದು ವಾಕ್ಯವನ್ನೂ ಧೈರ್ಯವಾಗಿ ಬರೆಯಲಾಗುವುದಿಲ್ಲ.

ಒಳಗೆ ಹೋಗಲು ಎರಡು ಬಾಗಿಲು

ಮೊದಲನೆಯದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ, ಎಂದರೆ ಐಸಿಎಆರ್‌ನ, ಅಖಿಲ ಭಾರತ ಸ್ನಾತಕೋತ್ತರ ಪ್ರವೇಶ ಪರೀಕ್ಷೆ. 2019ರಿಂದ ಇದನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಎಂದರೆ ಎನ್‌ಟಿಎ, ನಡೆಸುತ್ತಿದೆ. 120 ಪ್ರಶ್ನೆ, ಎರಡು ಗಂಟೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಬೇಸಾಯಶಾಸ್ತ್ರಕ್ಕೆ ಪ್ರತ್ಯೇಕ ವಿಷಯ ಗುಂಪು ಇದೆ, ಅರ್ಜಿ ತುಂಬುವಾಗ ಅದನ್ನೇ ಆರಿಸಬೇಕು. ಕೃಷಿ ಪದವಿಯಲ್ಲಿ ಓಜಿಪಿಎ, ಎಂದರೆ ಒಟ್ಟಾರೆ ಸರಾಸರಿ ಗ್ರೇಡ್ ಅಂಕ, ಹತ್ತರ ಮಾಪನದಲ್ಲಿ 6.60 ಇರಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ 5.60. ಕೊನೆಯ ವರ್ಷದಲ್ಲಿ ಇರುವವರೂ ಬರೆಯಬಹುದು. ಇದರ ರ್‍ಯಾಂಕ್ ಮೇಲೆ ದೇಶದ ಯಾವ ರಾಜ್ಯ ಕೃಷಿ ವಿಶ್ವವಿದ್ಯಾಲಯದಲ್ಲಾದರೂ ಐಸಿಎಆರ್ ಪಾಲಿನ ಸೀಟು ಸಿಗಬಹುದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಗೂ, ನಾವೆಲ್ಲ ಪೂಸಾ ಎನ್ನುವ ಸಂಸ್ಥೆಗೂ, ದಾರಿ ಇದೇ.

ಎರಡನೆಯದು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ತಮ್ಮ ಪಾಲಿನ ಸೀಟುಗಳಿಗೆ ಕೊಡುವ ಪ್ರವೇಶ. ಇದರ ವೇಳಾಪಟ್ಟಿ ಮತ್ತು ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹಳೆಯ ಅಧಿಸೂಚನೆಯನ್ನು ನಂಬಿ ಕೂರಬೇಡಿ, ಆ ವರ್ಷದ್ದನ್ನೇ ಓದಿ. ಎರಡೂ ಪರೀಕ್ಷೆ ಬರೆಯಿರಿ. ಓದು ಒಂದೇ.

ಓದುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಕಳೆ ನಿರ್ವಹಣೆ, ನೀರಾವರಿ, ಪೋಷಕಾಂಶ, ಒಣಬೇಸಾಯ, ಕೃಷಿ ಹವಾಮಾನ ಈ ಐದೂ ಚೆನ್ನಾಗಿ ಕುಳಿತಿರಬೇಕು. ಆಮೇಲೆ ಒಂದೊಂದು ಬೆಳೆಯ ಬೇಸಾಯ ಕ್ರಮ. ಬಹಳ ಮಂದಿ ಇದನ್ನು ತಲೆಕೆಳಗು ಮಾಡಿ, ಬೆಳೆಗಳ ಬಿತ್ತನೆ ಬೀಜದ ಪ್ರಮಾಣ, ಸಾವಿರ ಕಾಳಿನ ತೂಕ ಎಲ್ಲವನ್ನೂ ಬಾಯಿಪಾಠ ಮಾಡುತ್ತಾರೆ. ತತ್ವ ಗೊತ್ತಿದ್ದರೆ ಅರ್ಧ ಸಂಖ್ಯೆಗಳು ತಾವಾಗಿಯೇ ನೆನಪಿರುತ್ತವೆ.

ಎಲ್ಲಿ ಓದಬೇಕು: ಮಣ್ಣು ನೋಡಿ ಆರಿಸಿ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಿಂದ ಇದೆ. ಧಾರವಾಡದ್ದು 1986ರಲ್ಲಿ ಬೇರೆಯಾಯಿತು. ನಂತರ ರಾಯಚೂರು, ಆಮೇಲೆ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದವು. ಹೆಸರು, ಊರಿನ ಸೌಕರ್ಯ ನೋಡಿ ಆರಿಸುವವರೇ ಹೆಚ್ಚು. ನನ್ನ ಸಲಹೆ ಬೇರೆ: ನಿಮಗೆ ಯಾವ ಮಣ್ಣು, ಯಾವ ಬೆಳೆಯ ಮೇಲೆ ಆಸಕ್ತಿಯೋ ಅದು ಇರುವ ಕಡೆ ಹೋಗಿ.

ಕೆಂಪು ಮಣ್ಣು, ರಾಗಿ, ಅವರೆ, ಮಳೆಯಾಶ್ರಿತ ಬೇಸಾಯ ಎಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆ. ಅಲ್ಲಿನ ಒಣಬೇಸಾಯ ಪ್ರಾಯೋಜನೆಯಲ್ಲಿ ದಶಕಗಳಿಂದ ಅದೇ ತಾಕುಗಳಲ್ಲಿ (ಪ್ರಯೋಗಕ್ಕೆಂದು ಅಳೆದು ಗುರುತಿಸಿದ ಹೊಲದ ತುಂಡುಗಳಲ್ಲಿ) ಅದೇ ಗೊಬ್ಬರ ಕ್ರಮ ಮುಂದುವರಿಸಿಕೊಂಡು ಬಂದ ಶಾಶ್ವತ ಪ್ರಯೋಗಗಳಿವೆ. ಕೊಟ್ಟಿಗೆ ಗೊಬ್ಬರ ಬಿದ್ದ ತಾಕು, ಬರೀ ರಾಸಾಯನಿಕ ಗೊಬ್ಬರದ ತಾಕು, ಏನೂ ಕಾಣದ ತಾಕು ಅಕ್ಕಪಕ್ಕದಲ್ಲಿ ನಿಂತಿರುವುದನ್ನು ಒಮ್ಮೆ ನೋಡಬೇಕು. ಪುಸ್ತಕದ ಒಂದು ಅಧ್ಯಾಯ ಹೇಳಲಾಗದ್ದನ್ನು ಆ ಮೂರು ತಾಕು ಹೇಳುತ್ತವೆ. ನೀರಾವರಿ ಭತ್ತ, ಕಬ್ಬು ಎಂದರೆ ಮಂಡ್ಯದ ವಿ.ಸಿ. ಫಾರಂ. ಎರೆ ಮಣ್ಣು, ಹಿಂಗಾರಿ ಜೋಳ, ಕಡಲೆ, ಹತ್ತಿ ಎಂದರೆ ಧಾರವಾಡ ಮತ್ತು ವಿಜಯಪುರ. ತೊಗರಿ, ತುಂಗಭದ್ರಾ ಅಚ್ಚುಕಟ್ಟಿನ ನೇರ ಬಿತ್ತನೆ ಭತ್ತ, ಸವುಳು ಭೂಮಿ ಎಂದರೆ ರಾಯಚೂರು, ಗಂಗಾವತಿ, ಕಲಬುರಗಿ ಕಡೆ. ರಾಜ್ಯದಲ್ಲಿ ಹತ್ತು ಕೃಷಿ ಹವಾಮಾನ ವಲಯಗಳಿವೆ; ನಿಮ್ಮ ಮನೆಯ ಹೊಲ ಯಾವ ವಲಯದಲ್ಲಿದೆ ಎಂದು ಗೊತ್ತಿದ್ದರೆ ಆಯ್ಕೆ ಸುಲಭ.

ಖರ್ಚು ಮತ್ತು ಶಿಷ್ಯವೇತನ

ಐಸಿಎಆರ್ ಪರೀಕ್ಷೆಯಲ್ಲಿ ಮೇಲಿನ ರ್‍ಯಾಂಕ್ ಬಂದವರಿಗೆ ಸ್ನಾತಕೋತ್ತರ ಶಿಷ್ಯವೇತನ ತಿಂಗಳಿಗೆ 12,640 ರೂಪಾಯಿ ಇದೆ. ಅದು ಸಿಗದೆ, ಐಸಿಎಆರ್ ಸೀಟಿನ ಮೇಲೆ ಬೇರೆ ರಾಜ್ಯಕ್ಕೆ ಹೋಗಿ ಓದುವವರಿಗೆ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನವಾಗಿ 5,000 ರೂಪಾಯಿ. ಮೊತ್ತಗಳು ಪರಿಷ್ಕರಣೆಯಾಗುತ್ತಿರುತ್ತವೆ, ಸೇರುವಾಗ ಖಚಿತ ಮಾಡಿಕೊಳ್ಳಿ. ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲ ಸ್ಥಾನ ಬಂದವರು ಪಿಎಚ್.ಡಿ.ಗೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಫೆಲೋಶಿಪ್ಪಿಗೆ ಅರ್ಜಿ ಹಾಕಬಹುದು.

ಒಂದು ಮಾತು. ಶಿಷ್ಯವೇತನ ತಡವಾಗಿ, ಕೆಲವು ತಿಂಗಳದ್ದು ಒಟ್ಟಿಗೆ ಬರುವುದು ಸಾಮಾನ್ಯ. ಆದರೆ ಕಳೆ ತೆಗೆಯುವ ಆಳುಗಳ ಕೂಲಿ ತಡೆಯುವುದಿಲ್ಲ. ಪ್ರಯೋಗದ ಖರ್ಚನ್ನು ವಿಭಾಗ ಎಷ್ಟು ಕೊಡುತ್ತದೆ, ನೀವು ಎಷ್ಟು ಹಾಕಬೇಕಾಗುತ್ತದೆ, ನಿಮ್ಮ ವಿಷಯ ಯಾವುದಾದರೂ ಪ್ರಾಯೋಜನೆಯ ಅಡಿಯಲ್ಲಿ ಬರುತ್ತದೆಯೇ ಎಂದು ಗೈಡ್ ಹತ್ತಿರ ಸಂಕೋಚವಿಲ್ಲದೆ ಮೊದಲೇ ಕೇಳಿ. ಮನೆಯಲ್ಲಿ ಅನುಕೂಲವಿಲ್ಲದ ವಿದ್ಯಾರ್ಥಿಗೆ ಇದು ಕೇಳಲೇಬೇಕಾದ ಪ್ರಶ್ನೆ, ಒಳ್ಳೆಯ ಮೇಷ್ಟ್ರು ಯಾರೂ ತಪ್ಪು ತಿಳಿಯುವುದಿಲ್ಲ.

ಸೇರಿದ ಮೊದಲ ಆರು ತಿಂಗಳು

ಈಗಿನ ಪಠ್ಯಕ್ರಮದಲ್ಲಿ ಎಂ.ಎಸ್ಸಿ.ಗೆ ಒಟ್ಟು 70 ಕ್ರೆಡಿಟ್. ಅದರಲ್ಲಿ 30 ಸಂಶೋಧನೆಗೇ ಮೀಸಲು. ಮುಖ್ಯ ವಿಷಯಕ್ಕೆ 20, ಉಪವಿಷಯಕ್ಕೆ 8, ಪೂರಕ ವಿಷಯಕ್ಕೆ 6, ಸಾಮಾನ್ಯ ಕೋರ್ಸುಗಳಿಗೆ 5, ಸೆಮಿನಾರಿಗೆ 1. ಬೆಳೆ ಉತ್ಪಾದನೆಯ ಆಧುನಿಕ ಪರಿಕಲ್ಪನೆಗಳು, ಮಣ್ಣಿನ ಫಲವತ್ತತೆ, ಕಳೆ, ನೀರು ಈ ನಾಲ್ಕು ಬೇಸಾಯಶಾಸ್ತ್ರದ ಬುನಾದಿ ಕೋರ್ಸುಗಳು. ಉಪವಿಷಯವಾಗಿ ಮಣ್ಣು ವಿಜ್ಞಾನ ತೆಗೆದುಕೊಳ್ಳುವುದು ರೂಢಿ. ನಿಮ್ಮ ಸಂಶೋಧನೆ ಬರ ಸಹಿಷ್ಣುತೆಯ ಕಡೆಗಿದ್ದರೆ ಶರೀರಕ್ರಿಯಾ ವಿಜ್ಞಾನವೂ ಒಳ್ಳೆಯದೇ. ಪ್ರಯೋಗ ವಿನ್ಯಾಸದ ಕೋರ್ಸನ್ನು ಮಾತ್ರ ಬಿತ್ತನೆಗೆ ಮೊದಲೇ ಮುಗಿಸಿಕೊಳ್ಳಿ.

ಈಗ ಕ್ಯಾಲೆಂಡರ್ ನೋಡಿ. ಪ್ರವೇಶ ಮುಗಿದು ತರಗತಿ ಆರಂಭವಾಗುವುದು ಅಕ್ಟೋಬರಿನ ಆಸುಪಾಸು ಎಂದುಕೊಳ್ಳೋಣ. ಆ ವರ್ಷದ ಮುಂಗಾರು ಆಗಲೇ ಮುಗಿದಿರುತ್ತದೆ. ಹಿಂಗಾರಿಗೆ ನಿಮ್ಮ ವಿಷಯವೇ ಗೊತ್ತಾಗಿರುವುದಿಲ್ಲ. ಅಂದರೆ ಪ್ರಯೋಗಕ್ಕೆ ಸಿಗುವುದು ಮುಂದಿನ ಜೂನ್‌ನಿಂದ ಡಿಸೆಂಬರ್‌ವರೆಗಿನ ಒಂದೇ ಅವಧಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ಜೂನ್ ಕೊನೆಗೆ ಆರಿದ್ರಾ ಮಳೆಯ ಹೊತ್ತಿಗೆ ಹೊಲ ಸಿದ್ಧವಿರಬೇಕು. ಮೇ ತಿಂಗಳಲ್ಲಿ ಮಣ್ಣಿನ ಮಾದರಿ ತೆಗೆದು ತಾಕು ಗುರುತಿಸಬೇಕು. ಏಪ್ರಿಲ್‌ನಲ್ಲಿ ಸಿನಾಪ್ಸಿಸ್‌ಗೆ (ಸಂಶೋಧನೆಯ ಯೋಜನೆಯ ಬರಹಕ್ಕೆ) ಸಲಹೆ ಕೊಡುವ ಪ್ರಾಧ್ಯಾಪಕರ ಅಡ್ವೈಸರಿ ಕಮಿಟಿಯ ಸಹಿ ಬೀಳಬೇಕು. ಮಾರ್ಚ್‌ನಲ್ಲಿ ವಿಷಯ ಗಟ್ಟಿಯಾಗಬೇಕು. ಜನವರಿಯೊಳಗೆ ಗೈಡ್ ಯಾರೆಂದು ತೀರ್ಮಾನವಾಗಿರಬೇಕು. ಧಾರವಾಡ, ವಿಜಯಪುರ ಕಡೆ ಹಿಂಗಾರಿ ಬೆಳೆಯ ಮೇಲೆ ಕೆಲಸ ಮಾಡುವವರಿಗೆ ಸೆಪ್ಟೆಂಬರ್, ಅಕ್ಟೋಬರ್‌ವರೆಗೆ ಸಮಯ ಸಿಗುತ್ತದೆ. ಆದರೆ ಕೊಯ್ಲು ಫೆಬ್ರುವರಿ ದಾಟಿದರೆ ಬರೆಯಲು ಉಳಿಯುವುದು ಕಡಿಮೆ.

ಗೈಡ್ ಆಯ್ಕೆ ಬಗ್ಗೆ: ಅವರ ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಹೊಲಕ್ಕೆ ಬರುತ್ತಾರೆಯೇ, ಬರೆದುಕೊಟ್ಟದ್ದನ್ನು ಓದಿ ತಿದ್ದುತ್ತಾರೆಯೇ, ಈ ಎರಡು ಗೊತ್ತಾದರೆ ಸಾಕು. ಅವರಿಗೆ ಎಷ್ಟು ಪ್ರಶಸ್ತಿ ಬಂದಿದೆ ಎಂಬುದು ನಿಮ್ಮ ಪ್ರಬಂಧಕ್ಕೆ ಸಂಬಂಧವಿಲ್ಲ.

ಪ್ರಶ್ನೆ ಹುಡುಕುವುದು

ಇಲ್ಲಿ ನಿಧಾನಿಸಬೇಕು, ಏಕೆಂದರೆ ನಮ್ಮ ಗ್ರಂಥಾಲಯಗಳಲ್ಲಿ ‘ಇಂಥ ಬೆಳೆಯ ಮೇಲೆ ಇಂಥ ಗೊಬ್ಬರದ ಪರಿಣಾಮ’ ಎಂಬ ಶೀರ್ಷಿಕೆಯ ಪ್ರಬಂಧಗಳು ಸಾಲುಸಾಲಾಗಿ ಇವೆ. ಬೆಳೆ ಬದಲಿಸಿ, ಗೊಬ್ಬರದ ಹೆಸರು ಬದಲಿಸಿ ಮತ್ತೊಂದು ಬರೆದರೂ ಪದವಿ ಸಿಗುತ್ತದೆ. ಆದರೆ ಎರಡು ವರ್ಷದ ಯೌವನ ಹಾಕುವ ಕೆಲಸ ಅಷ್ಟಕ್ಕೇ ನಿಲ್ಲಬಾರದು.

ಮೊದಲು ಕೃಷಿಕೋಶ್ ತೆರೆಯಿರಿ. ದೇಶದ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿ ಸಿಗುತ್ತವೆ. ಸಂಶೋಧನಾ ಪತ್ರಿಕೆಗಳಿಗೆ ನಿಮ್ಮ ಗ್ರಂಥಾಲಯದ ಆನ್‌ಲೈನ್ ಸೌಲಭ್ಯ ಬಳಸಿ. ನಿಮ್ಮ ಬೆಳೆ, ನಿಮ್ಮ ವಲಯದ ಮೇಲೆ ಕಳೆದ ಇಪ್ಪತ್ತು ವರ್ಷದಲ್ಲಿ ಏನೇನು ಆಗಿದೆ ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ: ವರ್ಷ, ಸ್ಥಳ, ಉಪಚಾರಗಳು (ಹೋಲಿಸಿ ನೋಡಲೆಂದು ತಾಕುಗಳಿಗೆ ಕೊಟ್ಟ ಬೇರೆ ಬೇರೆ ಕ್ರಮಗಳು), ಇಳುವರಿ, ಮಳೆ. ಪಟ್ಟಿ ಮಾಡುತ್ತ ಹೋದಂತೆ ಒಂದೇ ಉಪಚಾರ ಒಂದು ವರ್ಷ ಗೆದ್ದು ಇನ್ನೊಂದು ವರ್ಷ ಸೋತದ್ದು ಕಣ್ಣಿಗೆ ಬೀಳುತ್ತದೆ. ಏಕೆ ಸೋತಿತು? ಪ್ರಶ್ನೆ ಅಲ್ಲಿದೆ.

ಎರಡನೆಯ ಮೂಲ ರೈತರು. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿಯನ್ನೇ ತೆಗೆದುಕೊಳ್ಳಿ. ನೇಗಿಲಿನಿಂದ ಉದ್ದಕ್ಕೂ ಅಡ್ಡಕ್ಕೂ ಸುಮಾರು ಒಂದೂವರೆ ಅಡಿ ಅಂತರದಲ್ಲಿ ಸಾಲು ಹೊಡೆದು, ಸಾಲು ಕೂಡುವ ಕಡೆ ಗುಳಿಗೆ ಗೊಬ್ಬರ ಹಾಕಿ, ಎರಡೆರಡು ಸಸಿ ನೆಡುತ್ತಾರೆ. ಸಸಿ ಬೇರು ಹಿಡಿದ ಮೇಲೆ ಎತ್ತಿಗೆ ಕೊರಡು ಕಟ್ಟಿ ಪೈರಿನ ಮೇಲೆಯೇ ಎಳೆಯುತ್ತಾರೆ. ಗಿಡ ಬಾಗುತ್ತದೆ, ಬುಡದಿಂದ ತೆಂಡೆ ಹೆಚ್ಚು ಒಡೆಯುತ್ತದೆ. ಅದರ ಜೊತೆಗೆ ಎಡೆಕುಂಟೆ. ನೋಡಿದವರಿಗೆ ಬೆಳೆ ಹಾಳು ಮಾಡುತ್ತಿದ್ದಾರೆ ಎನ್ನಿಸಬೇಕು, ಆದರೆ ರೈತರು ಅದನ್ನು ತಿಳಿದೇ ಮಾಡುತ್ತಾರೆ. ಇಲ್ಲಿ ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದದ್ದು: ಇಳುವರಿ ಹೆಚ್ಚಿದ್ದು ಅಗಲ ಅಂತರದಿಂದಲೋ, ಗುಳಿಗೆ ಹಾಕಿದ ಗೊಬ್ಬರದಿಂದಲೋ, ಎಳೆಯ ಸಸಿಯಿಂದಲೋ, ಕೊರಡಿನಿಂದಲೋ? ನಾಲ್ಕೂ ಒಟ್ಟಿಗೆ ಇರುವಾಗ ಯಾವುದು ಎಷ್ಟು ಕೆಲಸ ಮಾಡಿತು ಎಂದು ಹೇಳಲಾಗದು. ಬೇರೆ ಬೇರೆ ಮಾಡಿ ನೋಡುವ ಉಪಾಯವೇ ನಿಮ್ಮ ಪ್ರಯೋಗ. ಎತ್ತಿಲ್ಲದ ರೈತ ಕೊರಡು ಬಿಟ್ಟರೆ ಎಷ್ಟು ಕಳೆದುಕೊಳ್ಳುತ್ತಾನೆ ಎಂಬ ಉತ್ತರ ಅವನಿಗೆ ನೇರವಾಗಿ ಬೇಕಾದದ್ದು.

ಉಪಚಾರಗಳನ್ನು ಜೋಡಿಸುವುದು

ಪ್ರಯೋಗ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಇಲ್ಲಿಯೇ, ಹೊಲಕ್ಕೆ ಇಳಿಯುವ ಮೊದಲು.

ಎಲೆಗೆ ಸಿಂಪಡಿಸುವ ದ್ರವ ಗೊಬ್ಬರವಾದ ನ್ಯಾನೋ ಯೂರಿಯಾ ಉದಾಹರಣೆ ನೋಡೋಣ. ಗೊಬ್ಬರ ತಯಾರಿಸುವ ಸಹಕಾರಿ ಸಂಸ್ಥೆ ಇಫ್ಕೊ ಇದನ್ನು 2021ರಲ್ಲಿ ಮಾರುಕಟ್ಟೆಗೆ ತಂದಾಗ, 500 ಮಿ.ಲೀ. ಬಾಟಲಿ 45 ಕೆ.ಜಿ. ಯೂರಿಯಾ ಚೀಲಕ್ಕೆ ಸಮ ಎಂದಿತು. ಆಗಿನ ಬಾಟಲಿಯಲ್ಲಿ ಸಾರಜನಕ ಶೇ. 4, ಅಂದರೆ ಸುಮಾರು 20 ಗ್ರಾಂ. ಚೀಲದಲ್ಲಿ ಶೇ. 46ರಂತೆ 20.7 ಕೆ.ಜಿ. ಈ ಅಂತರವನ್ನು ಹೊಲದಲ್ಲಿ ಪರೀಕ್ಷಿಸುವುದು ಯೋಗ್ಯವಾದ ಸಂಶೋಧನೆ. ಹೇಗೆ ಪರೀಕ್ಷಿಸಬೇಕು?

ಬಹಳ ಕಡೆ ಕಾಣುವ ಜೋಡಣೆ ಹೀಗಿರುತ್ತದೆ: ಪೂರ್ತಿ ಸಾರಜನಕ ಒಂದು ತಾಕಿಗೆ, ಅರ್ಧ ಸಾರಜನಕದ ಜೊತೆಗೆ ನ್ಯಾನೋ ಸಿಂಪಡಣೆ ಇನ್ನೊಂದಕ್ಕೆ. ಎರಡರ ಇಳುವರಿ ಸಮ ಬಂತು, ಆದ್ದರಿಂದ ಸಿಂಪಡಣೆ ಅರ್ಧ ಯೂರಿಯಾ ಉಳಿಸಿತು ಎಂದು ತೀರ್ಮಾನ. ಆದರೆ ಆ ಹೊಲದ ಮಣ್ಣು ಮೊದಲೇ ಫಲವತ್ತಾಗಿದ್ದು ಅರ್ಧ ಸಾರಜನಕವೇ ಸಾಕಾಗಿದ್ದರೆ? ಸಿಂಪಡಣೆ ಇಲ್ಲದ ಅರ್ಧ ಸಾರಜನಕದ ತಾಕು ಇಲ್ಲದೆ ಆ ಮಾತು ಹೇಳಲು ಬರುವುದಿಲ್ಲ. ಜೊತೆಗೆ, ಎಲೆಗೆ ಸಾರಜನಕ ಸಿಕ್ಕಿದ್ದರಿಂದಲೇ ಲಾಭವಾಗಿದ್ದರೆ ಶೇ. 2ರ ಸಾಮಾನ್ಯ ಯೂರಿಯಾ ದ್ರಾವಣ ಸಿಂಪಡಿಸಿದರೂ ಆಗಬೇಕಲ್ಲ. ಹಾಗಾಗಿ ಏಳು ಉಪಚಾರ ಬೇಕು: ಸಾರಜನಕವೇ ಇಲ್ಲ, ಶೇ. 100, ಶೇ. 75, ಶೇ. 75 ಮತ್ತು ನ್ಯಾನೋ, ಶೇ. 50, ಶೇ. 50 ಮತ್ತು ನ್ಯಾನೋ, ಶೇ. 50 ಮತ್ತು ಶೇ. 2ರ ಯೂರಿಯಾ ಸಿಂಪಡಣೆ. ಸಿಂಪಡಣೆ ಇಲ್ಲದ ತಾಕುಗಳಿಗೆ ಅದೇ ದಿನ ಬರೀ ನೀರು ಸಿಂಪಡಿಸಿ. ಯಾವ ವಿಷಯವೇ ಇರಲಿ, ನಿಮ್ಮ ಪ್ರತಿ ತೀರ್ಮಾನಕ್ಕೂ ಎದುರಾಗಿ ನಿಲ್ಲುವ ತಾಕು ಇದೆಯೇ ಎಂದು ಒಂದೊಂದಾಗಿ ನೋಡಿಕೊಳ್ಳಿ.

ಈಗ ರೆಪ್ಲಿಕೇಶನ್, ಎಂದರೆ ಒಂದೊಂದು ಉಪಚಾರದ ಪುನರಾವರ್ತನೆ, ಎಷ್ಟು? ಎರರ್‌ಗೆ (ಉಪಚಾರದಿಂದಲ್ಲದೆ ಬರುವ ಏರುಪೇರಿನ ಅಂದಾಜಿಗೆ) ಕನಿಷ್ಠ 12 ಡಿಗ್ರೀಸ್ ಆಫ್ ಫ್ರೀಡಂ, ಎಂದರೆ ಸ್ವತಂತ್ರ ಹೋಲಿಕೆ, ಉಳಿಯಬೇಕು ಎಂಬುದು ನಮ್ಮಲ್ಲಿ ಕಲಿಸುವ ನಿಯಮ. ಆರ್‌ಸಿಬಿಡಿ ವಿನ್ಯಾಸದಲ್ಲಿ (ಹೊಲವನ್ನು ಬ್ಲಾಕುಗಳಾಗಿ ಭಾಗಿಸಿ, ಪ್ರತಿ ಬ್ಲಾಕಿನಲ್ಲೂ ಎಲ್ಲ ಉಪಚಾರವನ್ನೂ ಒಂದೊಂದು ಸಲ ಇಡುವ ಕ್ರಮ) ಉಪಚಾರಗಳಲ್ಲಿ ಒಂದು ಕಳೆದು, ರೆಪ್ಲಿಕೇಶನ್‌ಗಳಲ್ಲಿ ಒಂದು ಕಳೆದು, ಎರಡನ್ನೂ ಗುಣಿಸಿದರೆ ಅದು ಬರುತ್ತದೆ. ಏಳು ಉಪಚಾರ, ಮೂರು ರೆಪ್ಲಿಕೇಶನ್ ಎಂದರೆ 6 ಗುಣಿಸು 2, ಸರಿಯಾಗಿ 12. ಐದೇ ಉಪಚಾರವಿದ್ದರೆ ಮೂರು ಸಾಲದು, 8 ಮಾತ್ರ ಬರುತ್ತದೆ, ನಾಲ್ಕು ಬೇಕು.

ಉಪಚಾರಗಳನ್ನು ತಾಕುಗಳಿಗೆ ಹಂಚುವಾಗ ಚೀಟಿ ಎತ್ತಿ, ಅಥವಾ ಕಂಪ್ಯೂಟರಿನಲ್ಲಿ ಮಾಡಿ. ಪ್ರತಿ ಬ್ಲಾಕಿಗೂ ಹೊಸದಾಗಿ. ನೋಡಲು ಚೆಂದವಿರಲಿ ಎಂದು ಒಳ್ಳೆಯ ಉಪಚಾರವನ್ನು ರಸ್ತೆ ಬದಿಗೆ ತರುವುದು ಬೇಡವೇ ಬೇಡ. ಈ ಯಾದೃಚ್ಛಿಕ ಹಂಚಿಕೆ ನಮಗೆ ಬಂದದ್ದು ರೊನಾಲ್ಡ್ ಫಿಶರ್ ಅವರಿಂದ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ನಡೆಯುತ್ತಿದ್ದ ಗೋಧಿ ಪ್ರಯೋಗಗಳ ರಾಶಿ ಅಂಕಿಗಳನ್ನು ಅರ್ಥ ಮಾಡಿಕೊಳ್ಳಲೆಂದೇ ಅವರನ್ನು 1919ರಲ್ಲಿ ಅಲ್ಲಿಗೆ ಕರೆಸಿಕೊಂಡಿದ್ದರು. ಇವತ್ತು ಔಷಧ ಪರೀಕ್ಷೆ ಮಾಡುವವರೂ ಬಳಸುವ ವಿಧಾನದ ತವರು ಗೊಬ್ಬರ ಹಾಕಿದ ಹೊಲ ಎಂಬುದು ನಮಗೆ ಹೆಮ್ಮೆಯ ವಿಷಯ.

ಹೊಲ, ತಾಕು, ತಕ್ಕಡಿ

ಹೊಲ ಕೊಡುವಾಗ ಹಿಂದಿನ ಎರಡು ವರ್ಷ ಏನು ಬೆಳೆದಿದ್ದರು, ಏನು ಪ್ರಯೋಗವಿತ್ತು ಎಂದು ಫಾರಂ ಮೇಲ್ವಿಚಾರಕರನ್ನು ಕೇಳಿ. ಹಳೆಯ ತಿಪ್ಪೆ ಇದ್ದ ಜಾಗ, ಮರದ ನೆರಳು, ಬದುವಿನ ಪಕ್ಕ ಬಿಡಿ. ಬ್ಲಾಕುಗಳನ್ನು ಇಳಿಜಾರಿಗೆ ಅಡ್ಡವಾಗಿ ಹಾಕಿ. ಮೇಲಿನ ಬ್ಲಾಕಿಗೂ ಕೆಳಗಿನದಕ್ಕೂ ವ್ಯತ್ಯಾಸವಿರಲಿ, ಒಂದು ಬ್ಲಾಕಿನ ಒಳಗೆ ಬೇಡ. ಗೊಬ್ಬರ ಬೀಳುವ ಮೊದಲು ಮಣ್ಣಿನ ಮಾದರಿ ತೆಗೆಯಿರಿ. ರಂಜಕ ಅಳೆಯಲು ಆಮ್ಲೀಯ ಕೆಂಪು ಮಣ್ಣಿಗೆ ಬ್ರೇ ವಿಧಾನ, ಕ್ಷಾರೀಯ ಎರೆ ಮಣ್ಣಿಗೆ ಓಲ್ಸನ್ ವಿಧಾನ. ಪ್ರಯೋಗಾಲಯದಲ್ಲಿ ಎಲ್ಲಕ್ಕೂ ಒಂದೇ ಮಾಡಿಬಿಡುವುದುಂಟು, ನೀವೇ ನಿಂತು ಹೇಳಿ.

ನೀರಾವರಿ ರಾಗಿ, ಸಾಲಿನ ಅಂತರ 30 ಸೆಂ.ಮೀ., ಗಿಡದ ಅಂತರ 10 ಸೆಂ.ಮೀ., ತಾಕು 4.5 ಮೀ. ಉದ್ದ 3.6 ಮೀ. ಅಗಲ ಎಂದುಕೊಳ್ಳಿ. ತಾಕಿನ ವಿಸ್ತೀರ್ಣ 16.2 ಚದರ ಮೀಟರ್, ಸಾಲು ಹನ್ನೆರಡು. ಶಿಫಾರಸು ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷಿಯಂ ಕ್ರಮದಲ್ಲಿ 100:50:50 ಕೆ.ಜಿ. ಆದರೆ ಶೇ. 100ರ ತಾಕಿಗೆ ಸಾರಜನಕ 162 ಗ್ರಾಂ, ಅಂದರೆ ಯೂರಿಯಾ 352 ಗ್ರಾಂ. ಬಿತ್ತುವಾಗ ಅರ್ಧ, ಆಮೇಲೆ ಅರ್ಧ ಕೊಟ್ಟರೆ ಪ್ರತಿ ಸಲ 176 ಗ್ರಾಂ. ರಂಜಕ ಎಲ್ಲ ತಾಕಿಗೂ ಸಮವಾಗಿರಬೇಕಾದ್ದರಿಂದ ಇಲ್ಲಿ ಡಿಎಪಿ ಬೇಡ, ಅದರಲ್ಲಿ ಸಾರಜನಕ ಸೇರಿಕೊಳ್ಳುತ್ತದೆ. ಸೂಪರ್ ಫಾಸ್ಫೇಟ್ 506 ಗ್ರಾಂ, ಪೊಟ್ಯಾಷ್ 135 ಗ್ರಾಂ. ಹಿಂದಿನ ದಿನವೇ ಒಂದೊಂದು ತಾಕಿಗೂ ತೂಗಿ ಪೊಟ್ಟಣ ಕಟ್ಟಿ ಹೆಸರು ಬರೆದಿಡಿ. ಗಾಳಿ, ಮಳೆ ಮೋಡ, ಕಾಯುತ್ತಿರುವ ಆಳುಗಳ ನಡುವೆ ಹೊಲದಲ್ಲಿ ತೂಗಲು ಹೋದರೆ ಅದಲುಬದಲಾಗುವುದು ಖಂಡಿತ. ಯೂರಿಯಾವನ್ನು ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಿ. ಜೂನ್, ಜುಲೈನಲ್ಲಿ ಅಂಗಡಿ ಮುಂದೆ ಸಾಲು ಇರುತ್ತದೆ.

ಕೊಯ್ಲಿನಲ್ಲಿ ಅಂಚಿನ ಗಿಡಗಳು ಲೆಕ್ಕಕ್ಕಿಲ್ಲ, ಅವು ಪಕ್ಕದ ತಾಕಿನ ಗೊಬ್ಬರವನ್ನೂ ತಿಂದಿರುತ್ತವೆ. ಎರಡೂ ಬದಿಯ ಒಂದೊಂದು ಸಾಲು, ಎರಡೂ ತುದಿಯ ಮೂರು ಮೂರು ಗಿಡ ಬಿಟ್ಟರೆ ನಿವ್ವಳ ತಾಕು 3.9 ಗುಣಿಸು 3.0, ಅಂದರೆ 11.7 ಚದರ ಮೀಟರ್. ಅದರಲ್ಲಿ 4.1 ಕೆ.ಜಿ. ಕಾಳು ಬಂದರೆ ಹೆಕ್ಟೇರಿಗೆ 3,504 ಕೆ.ಜಿ. ಅಲ್ಲಿಗೆ ಮುಗಿಯಲಿಲ್ಲ. ಕಾಳಿನ ತೇವಾಂಶ ಶೇ. 18 ಇದ್ದು, ನೀವು ಶೇ. 12ಕ್ಕೆ ಹೊಂದಿಸಿ ವರದಿ ಮಾಡುವುದಾದರೆ 82ರಿಂದ ಗುಣಿಸಿ 88ರಿಂದ ಭಾಗಿಸಬೇಕು: 3,265 ಕೆ.ಜಿ. ಉಪಚಾರಗಳ ನಡುವಿನ ವ್ಯತ್ಯಾಸವೇ ಕೆಲವೊಮ್ಮೆ ಈ 239 ಕೆ.ಜಿ.ಗಿಂತ ಕಡಿಮೆ ಇರುತ್ತದೆ. ತೇವಾಂಶ ಅಳೆಯದೆ ಕೊಟ್ಟ ಇಳುವರಿಯನ್ನು ನಂಬುವಂತಿಲ್ಲ.

ಗೋಣಿಚೀಲಕ್ಕೆ ಎರಡು ಚೀಟಿ: ಒಂದು ಒಳಗೆ, ಒಂದು ಬಾಯಿಗೆ ಕಟ್ಟಿ. ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಮಂಜಿಗೆ ಹರಡುತ್ತದೆ. ತಾಕಿಗೆ ಐದು ಗಿಡ ಗುರುತು ಮಾಡುವಾಗ ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ಆರಿಸಬೇಡಿ, ಸಾಲು ಮತ್ತು ಗಿಡದ ಸಂಖ್ಯೆಯನ್ನು ಮೊದಲೇ ಚೀಟಿಯಲ್ಲಿ ಎತ್ತಿಕೊಳ್ಳಿ. ದಿನಚರಿ ಇಡಿ. ಮಳೆ ಬಂದ ದಿನ, ಹುಳು ಕಂಡ ದಿನ, ಹಕ್ಕಿ ಕೂತ ದಿನ ಎಲ್ಲ ಬರೆದಿದ್ದರೆ, ಆರು ತಿಂಗಳ ನಂತರ ಒಂದು ತಾಕಿನ ಇಳುವರಿ ವಿಚಿತ್ರವಾಗಿ ಕಂಡಾಗ ಕಾರಣ ಸಿಗುತ್ತದೆ.

ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಪ್ರಯೋಗ ಏನೆಂದು ಕೂತು ವಿವರಿಸಿ. ಕಳೆ ಉಳಿಸಬೇಕಾದ ತಾಕಿನಲ್ಲಿ ಅವರು ಶ್ರದ್ಧೆಯಿಂದ ಕಳೆ ಕಿತ್ತುಬಿಟ್ಟರೆ ಅದು ಅವರ ತಪ್ಪಲ್ಲ, ಯಾರೂ ಅವರಿಗೆ ಹೇಳಿರುವುದಿಲ್ಲ. ಹೇಳಿದರೆ ನಿಮಗಿಂತ ಮೊದಲು ರೋಗ ಗುರುತಿಸಿ ತಿಳಿಸುವವರೂ ಅವರೇ: “ಮೇಡಂ, ಮೂರನೇ ಮಡಿ ಯಾಕೋ ಹಳದಿ ಆಗ್ತೈತೆ” ಎಂಬ ಮಾತಿನಿಂದ ಉಳಿದ ಪ್ರಯೋಗಗಳಿವೆ.

ಮಳೆ ಕೈಕೊಟ್ಟರೆ? ಒಂದು ತಾಕು ಹಂದಿ ನುಗ್ಗಿ ಹಾಳಾದರೆ? ಅದಕ್ಕೆ, ಹೋದ ತಾಕಿನ ಅಂಕಿಯನ್ನು ಉಳಿದ ತಾಕುಗಳಿಂದ ಅಂದಾಜು ಮಾಡುವ ಮಿಸ್ಸಿಂಗ್ ಪ್ಲಾಟ್ ವಿಧಾನ ಸಂಖ್ಯಾಶಾಸ್ತ್ರದಲ್ಲೇ ಇದೆ. ಪ್ರಯೋಗವೇ ಹೋದರೆ ಬೇಸಿಗೆಯಲ್ಲಿ ನೀರಾವರಿ ಕೊಟ್ಟು ಬೇರೆ ಬೆಳೆಯಲ್ಲಿ ಮಾಡುವ ದಾರಿಯನ್ನು ಸಿನಾಪ್ಸಿಸ್‌ನಲ್ಲೇ ಬರೆದಿಟ್ಟುಕೊಳ್ಳಿ. ಇಲ್ಲದ ಸಂಖ್ಯೆ ಮಾತ್ರ ಬರೆಯಬೇಡಿ. ಈ ಅಂಕಿಗಳು ಮುಂದೆ ಶಿಫಾರಸಾಗಿ, ಶಿಫಾರಸು ರೈತ ಸಂಪರ್ಕ ಕೇಂದ್ರದಿಂದ ಹಳ್ಳಿಗೆ ಹೋಗಿ, ಯಾರದೋ ಸಾಲದ ದುಡ್ಡು ಅದರ ಮೇಲೆ ನಿಲ್ಲುತ್ತದೆ.

ವಿಶ್ಲೇಷಣೆ ಮತ್ತು ಬರವಣಿಗೆ

ಲೆಕ್ಕಕ್ಕೆ ಹಿಸಾರ್ ಕೃಷಿ ವಿಶ್ವವಿದ್ಯಾಲಯದ ಆಪ್‌ಸ್ಟ್ಯಾಟ್, ಕೇರಳ ಕೃಷಿ ವಿಶ್ವವಿದ್ಯಾಲಯದ ಗ್ರೇಪ್ಸ್ ಉಚಿತವಾಗಿ ಸಿಗುತ್ತವೆ. ಪಿಎಚ್.ಡಿ. ಯೋಚನೆ ಇದ್ದರೆ ಈಗಲೇ ‘ಆರ್’ ಎಂಬ ತಂತ್ರಾಂಶ ಕಲಿಯಿರಿ. ಒಮ್ಮೆಯಾದರೂ ಒಂದು ಅನೋವಾ (ವ್ಯತ್ಯಾಸ ಎಷ್ಟು ಉಪಚಾರದಿಂದ, ಎಷ್ಟು ಆಕಸ್ಮಿಕವಾಗಿ ಬಂತು ಎಂದು ಬಿಡಿಸುವ ಲೆಕ್ಕ) ಪಟ್ಟಿಯನ್ನು ಕೈಯಲ್ಲಿ ಮಾಡಿ. ಮೌಖಿಕ ಪರೀಕ್ಷೆಯಲ್ಲಿ ಸಿಡಿ (ಎರಡು ಉಪಚಾರ ನಿಜಕ್ಕೂ ಬೇರೆ ಎನ್ನಲು ಬೇಕಾದ ಕನಿಷ್ಠ ಅಂತರ) ಎಲ್ಲಿಂದ ಬಂತು ಎಂದು ಕೇಳಿದರೆ ತಂತ್ರಾಂಶದ ಹೆಸರು ಹೇಳುವಂತಾಗಬಾರದು.

ಪ್ರಬಂಧದ ಸಾಮಗ್ರಿ ಮತ್ತು ವಿಧಾನ ಅಧ್ಯಾಯವನ್ನು ಬೆಳೆ ಹೊಲದಲ್ಲಿರುವಾಗಲೇ ಬರೆದು ಮುಗಿಸಿ. ಫಲಿತಾಂಶದಲ್ಲಿ ಎಲ್ಲ ಕೋಷ್ಟಕವನ್ನೂ ಮಾತಿನಲ್ಲಿ ಮತ್ತೆ ಹೇಳುವುದು ನಮ್ಮ ಪ್ರಬಂಧಗಳ ದೊಡ್ಡ ದೋಷ. ಚರ್ಚೆಯಲ್ಲಿ ‘ಇದು ಇಂಥವರ ಫಲಿತಾಂಶಕ್ಕೆ ಅನುಗುಣವಾಗಿದೆ’ ಎಂದು ಹತ್ತು ಹೆಸರು ಜೋಡಿಸುವುದು ಇನ್ನೊಂದು. ನಿಮ್ಮ ಹೊಲದಲ್ಲಿ ಏಕೆ ಹೀಗಾಯಿತು? ತೆಂಡೆ ಹೆಚ್ಚಿತೇ, ತೆನೆಯಲ್ಲಿ ಕಾಳು ಹೆಚ್ಚಿತೇ, ಕಾಳಿನ ತೂಕ ಹೆಚ್ಚಿತೇ? ಹೂ ಬಿಡುವಾಗ ಮಳೆ ಹೇಗಿತ್ತು? ಅದನ್ನು ಬರೆಯಿರಿ. ಭಿನ್ನವಾದ ಫಲಿತಾಂಶ ಬಂದ ಪ್ರಬಂಧಗಳನ್ನೂ ಹೆಸರಿಸಿ.

ಆಮೇಲೆ ಲೇಖನ. ಭಾರತೀಯ ಬೇಸಾಯಶಾಸ್ತ್ರ ಸಂಘ 1955ರಲ್ಲಿ ಹುಟ್ಟಿದ್ದು, ಅದರ ಪತ್ರಿಕೆಯಲ್ಲಿ ಲೇಖನ ಬರುವುದಕ್ಕೆ ಬೆಲೆ ಇದೆ. ಯಾವ ಪತ್ರಿಕೆಗೆ ಕಳಿಸುವ ಮೊದಲೂ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿಯ, ನಾವು ನಾಸ್ ಸ್ಕೋರ್ ಎನ್ನುವ, ಪಟ್ಟಿಯಲ್ಲಿ ಅದು ಇದೆಯೇ ನೋಡಿ. ವಾರದೊಳಗೆ ಪ್ರಕಟಿಸುತ್ತೇವೆ, ಇಷ್ಟು ದುಡ್ಡು ಕೊಡಿ ಎನ್ನುವ ಕಡೆ ಹೋಗಬೇಡಿ.

ಪಿಎಚ್.ಡಿ., ವಿದೇಶ, ನೌಕರಿ

ಪಿಎಚ್.ಡಿ. 100 ಕ್ರೆಡಿಟ್, ಅದರಲ್ಲಿ 75 ಸಂಶೋಧನೆಯದು. ಕನಿಷ್ಠ ಮೂರು ವರ್ಷ. ಹೊಲದ ಪ್ರಯೋಗ ಸಾಮಾನ್ಯವಾಗಿ ಎರಡು ಹಂಗಾಮು. ಸೇರಿದ ವರ್ಷ ಮುಂಗಾರು ತಪ್ಪಿದರೆ ಮೂರು ವರ್ಷ ನಾಲ್ಕಾಗುವುದು ಹೀಗೆಯೇ. ಎಂ.ಎಸ್ಸಿ.ಯಲ್ಲಿ ಎದ್ದ ಪ್ರಶ್ನೆಯೊಂದು ನಿಮ್ಮನ್ನು ಬಿಡದೆ ಕಾಡುತ್ತಿದ್ದರೆ ಹೋಗಿ. ನೌಕರಿ ಸಿಗುವವರೆಗೆ ಇರಲಿ ಎಂದು ಹೋದವರು ಎರಡನೆಯ ಹಂಗಾಮಿಗೆ ಬೇಸತ್ತದ್ದನ್ನು ಬೇಕಾದಷ್ಟು ನೋಡಿದ್ದೇನೆ. ಪ್ರಬಂಧದ ಕೆಲಸವನ್ನು ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಂಥ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಮಾಡುವ ಅವಕಾಶವೂ ಇದೆ, ಗೈಡ್ ಮೂಲಕ ವಿಚಾರಿಸಿ.

ಅಮೆರಿಕದಲ್ಲಿ ಅಯೋವಾ ಸ್ಟೇಟ್, ಕಾನ್ಸಾಸ್ ಸ್ಟೇಟ್, ಪರ್ಡ್ಯೂ ವಿಶ್ವವಿದ್ಯಾಲಯಗಳಲ್ಲಿ ಬೇಸಾಯಶಾಸ್ತ್ರದ್ದೇ ವಿಭಾಗಗಳಿವೆ. ಯೂರೋಪಿನಲ್ಲಿ ನೆದರ್‌ಲೆಂಡ್ಸ್‌ನ ವಾಖೆನಿಂಗೆನ್. ಅಲ್ಲಿ ಸೀಟಿಗಿಂತ ಮೊದಲು ಪ್ರಾಧ್ಯಾಪಕರು ಸಿಗಬೇಕು, ಅವರ ಪ್ರಾಜೆಕ್ಟಿನಿಂದಲೇ ನಿಮ್ಮ ಸಂಬಳ ಬರುತ್ತದೆ. ಪತ್ರ ಚಿಕ್ಕದಿರಲಿ: ನೀವು ಮಾಡಿದ ಪ್ರಯೋಗ, ಬಳಸಬಲ್ಲ ವಿಶ್ಲೇಷಣೆ, ಅವರ ಯಾವ ಕೆಲಸಕ್ಕೆ ಅದು ಹೊಂದುತ್ತದೆ. ವಿದೇಶದಲ್ಲಿ ಪಿಎಚ್.ಡಿ. ಮಾಡಲು ಐಸಿಎಆರ್‌ನ ನೇತಾಜಿ ಸುಭಾಷ್ ಫೆಲೋಶಿಪ್ ಇದೆ.

ಎಂ.ಎಸ್ಸಿ. ಮುಗಿಯುತ್ತಲೇ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ, ಎಂದರೆ ಎಎಸ್‌ಆರ್‌ಬಿಯ, ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಿರಿ. 150 ಪ್ರಶ್ನೆ, ಎರಡು ಗಂಟೆ. ಸಾಮಾನ್ಯ ವರ್ಗಕ್ಕೆ ಶೇ. 50, ಹಿಂದುಳಿದ ವರ್ಗಕ್ಕೆ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಸಹಾಯಕ ಪ್ರಾಧ್ಯಾಪಕ ಹುದ್ದೆಯ ಕಡೆ ನೋಡುವವರಿಗೆ ಇದು ಬೇಕಾಗುತ್ತದೆ. ಕೃಷಿ ವಿಜ್ಞಾನ ಕೇಂದ್ರಗಳ ವಿಷಯ ತಜ್ಞರ ಹುದ್ದೆಗೆ ಸ್ನಾತಕೋತ್ತರ ಪದವಿ ಸಾಕು. ಹೊಲವೂ ರೈತರೂ ಎರಡೂ ಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಕೆಲಸ ನನಗೆ ಕಾಣದು. ಸಕ್ಕರೆ ಕಾರ್ಖಾನೆಗಳ ಕಬ್ಬು ಅಭಿವೃದ್ಧಿ ವಿಭಾಗ, ಬೀಜ ಮತ್ತು ಗೊಬ್ಬರ ಕಂಪನಿಗಳ ಪ್ರಯೋಗ ವಿಭಾಗಗಳೂ ಬೇಸಾಯಶಾಸ್ತ್ರದವರನ್ನೇ ಹುಡುಕುತ್ತವೆ. ಅಲ್ಲಿ ಸಂದರ್ಶನದಲ್ಲಿ ನಿಮ್ಮ ಪ್ರಬಂಧದ ಪ್ರಯೋಗ ವಿನ್ಯಾಸವನ್ನು ಬೋರ್ಡಿನ ಮೇಲೆ ಬರೆದು ತೋರಿಸಲು ಹೇಳಬಹುದು. ಪ್ರಬಂಧ ಸಲ್ಲಿಸುವಾಗ ಮೂಲ ಅಂಕಿಗಳ ಹಾಳೆ, ತಾಕುಗಳ ನಕ್ಷೆ, ದಿನಚರಿ ಮೂರನ್ನೂ ಒಂದು ಪ್ರತಿ ಮಾಡಿ ವಿಭಾಗಕ್ಕೆ ಕೊಟ್ಟು, ಒಂದು ನಿಮ್ಮಲ್ಲಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಹೊಲದಲ್ಲಿ ಪ್ರಯೋಗ ಹಾಕುವ ವಿದ್ಯಾರ್ಥಿ ಮೊದಲು ಕೇಳುವುದು ಆ ನಕ್ಷೆಯನ್ನೇ.